ಕಾಲು ಮಿಲಿಮೀಟರ್ ಕುಳಿ: ಗಾಲ್ಫ್‌ನ ಗ್ರೀನ್ ಪುಸ್ತಕಗಳ ಸುತ್ತ

2021ರ ಕೊನೆಯವರೆಗೆ ದೊಡ್ಡ ಗಾಲ್ಫ್ ಟೂರ್ನಿಗಳನ್ನು ಟಿವಿಯಲ್ಲಿ ನೋಡಿದವರಿಗೆ ಈ ದೃಶ್ಯ ನೆನಪಿರುತ್ತದೆ. ಚೆಂಡು ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತ ತೀರಾ ಸಣ್ಣದಾಗಿ ಕತ್ತರಿಸಿದ ಹುಲ್ಲಿನ ಮೇಲೆ, ಬಂದು ನಿಂತಿದೆ. ಆಟಗಾರ ಹತ್ತಿರ ಬರುತ್ತಾನೆ. ನೆಲವನ್ನು ಸರಿಯಾಗಿ ನೋಡುವ ಮೊದಲೇ ಹಿಂದಿನ ಜೇಬಿಗೆ ಕೈ ಹಾಕಿ ಪುಟ್ಟ ಪುಸ್ತಕವೊಂದನ್ನು ತೆಗೆಯುತ್ತಾನೆ. ಪಕ್ಕದಲ್ಲಿ ಅವನ ಚೀಲ ಹೊರುವ ಸಹಾಯಕ, ಕ್ಯಾಡಿ ಕೂಡ ಅದೇ ಪುಟ ತೆರೆದಿರುತ್ತಾನೆ. ಇಬ್ಬರೂ ತಲೆ ತಗ್ಗಿಸಿ ಬಾಣದ ಗುರುತುಗಳನ್ನು ನೋಡುತ್ತಾರೆ. ಕಾಲ ಕೆಳಗೇ ಇರುವ ನೆಲವನ್ನು ಕಾಗದದಲ್ಲಿ ಹುಡುಕುತ್ತಾರೆ.

2022ರ ಜನವರಿ 1ರಿಂದ ದೊಡ್ಡ ವೃತ್ತಿಪರ ಟೂರ್‌ಗಳಲ್ಲಿ ಇದು ನಿಂತಿತು. ಆದರೆ ಪುಸ್ತಕ ಮಾಯವಾಗಲಿಲ್ಲ. ವಾರಕ್ಕೊಮ್ಮೆ ಆಡುವವರ ಜೇಬಿನಲ್ಲಿ, ಫೋನಿನಲ್ಲಿ ಅದು ಈಗಲೂ ಇದೆ. ಅದನ್ನು ಬಳಸುವುದು ಸರಿಯೇ, ಬಳಸಿದರೆ ನಿಜಕ್ಕೂ ಪಟ್ (ಗ್ರೀನ್ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಸುಧಾರಿಸುತ್ತದೆಯೇ ಎಂಬ ಚರ್ಚೆಯೂ ಮುಗಿದಿಲ್ಲ. ಈ ಜಗಳವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಪುಸ್ತಕದ ಒಳಗೆ ಏನಿದೆ ಎಂದು ನೋಡಬೇಕು.

ಗ್ರೀನ್ ನೋಡಲು ಚಪ್ಪಟೆ, ಆದರೆ ನಿಜದಲ್ಲಿ ಅದು ಸಣ್ಣ ಸಣ್ಣ ಏರು ತಗ್ಗುಗಳ ನೆಲ. ಅದರ ನಕ್ಷೆ ಮಾಡಲು ಲೇಸರ್ ಸ್ಕ್ಯಾನರ್ ಒಂದನ್ನು ಮುಕ್ಕಾಲಿಯ ಮೇಲಿಟ್ಟು ಇಡೀ ಗ್ರೀನನ್ನು ಅಳೆಯುತ್ತಾರೆ. ನೆಲದ ಅಸಂಖ್ಯ ಬಿಂದುಗಳ ಎತ್ತರ ದಾಖಲಾಗುತ್ತದೆ. ಕಂಪ್ಯೂಟರ್ ಅದರಿಂದ ಮೂರು ಬಗೆಯ ಚಿತ್ರ ಬಿಡಿಸುತ್ತದೆ. ಒಂದು, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆಗಳು. ಶಾಲೆಯ ಭೂಗೋಳ ಪುಸ್ತಕದಲ್ಲಿ ಬೆಟ್ಟವನ್ನು ತೋರಿಸುವ ಗೆರೆಗಳಂತೆಯೇ ಇವು. ಗೆರೆಗಳು ಒತ್ತೊತ್ತಾಗಿದ್ದರೆ ಇಳಿಜಾರು ಜಾಸ್ತಿ, ದೂರ ದೂರವಿದ್ದರೆ ಕಡಿಮೆ. ಇನ್ನೊಂದು, ಇಳಿಜಾರು ಎತ್ತ ಇಳಿಯುತ್ತದೆ ಎಂದು ಹೇಳುವ ಬಾಣಗಳು, ಅವುಗಳ ಪಕ್ಕದಲ್ಲಿ ಶೇಕಡಾವಾರು ಅಂಕಿ. ಮತ್ತೊಂದು, ಕಡಿದಾದ ಜಾಗವನ್ನು ಒಂದು ಬಣ್ಣದಲ್ಲೂ ಸಮತಟ್ಟಾದ ಜಾಗವನ್ನು ಇನ್ನೊಂದು ಬಣ್ಣದಲ್ಲೂ ತೋರಿಸುವ ಚಿತ್ರ.

ಬಾಣದ ಪಕ್ಕದಲ್ಲಿ 2 ಎಂದಿದ್ದರೆ ಒಂದು ಮೀಟರ್ ಸಾಗುವಷ್ಟರಲ್ಲಿ ನೆಲ 2 ಸೆಂಟಿಮೀಟರ್ ಇಳಿಯುತ್ತದೆ ಎಂದರ್ಥ. ಕೇಳಲು ಏನೂ ಅಲ್ಲ ಅನಿಸುತ್ತದೆ. ಅಂಥ ನೆಲದ ಮೇಲೆ ನಿಂತರೆ ಎಷ್ಟೋ ಜನರಿಗೆ ಇಳಿಜಾರು ಇದೆ ಎಂದೇ ಗೊತ್ತಾಗುವುದಿಲ್ಲ. ಆದರೆ ವೇಗದ ಗ್ರೀನ್ ಮೇಲೆ ಮೂರು ಮೀಟರ್ ಪಟ್ ಒಂದು ಕುಳಿಯ ಅಗಲಕ್ಕಿಂತ ಜಾಸ್ತಿ ಬಾಗಲು ಅಷ್ಟು ಸಾಕು. ಕಣ್ಣು ತಪ್ಪುವುದು ಇಲ್ಲೇ. ದೊಡ್ಡ ಏರು ತಗ್ಗು ಎಲ್ಲರಿಗೂ ಕಾಣುತ್ತದೆ. ಒಂದೂವರೆ, ಎರಡು ಶೇಕಡಾದ ಮೋಸ ಕಾಣುವುದಿಲ್ಲ. ಹಿಂದೆ ಗುಡ್ಡ, ಪಕ್ಕದಲ್ಲಿ ಕೆರೆ ಇದ್ದರಂತೂ ನಮ್ಮ ಕಣ್ಣು ಅವುಗಳಿಗೆ ಹೋಲಿಸಿ ನೋಡುತ್ತದೆ, ಗ್ರೀನ್ ಯಾವ ಕಡೆ ವಾಲಿದೆ ಎಂಬುದೇ ತಿರುವುಮುರುವಾಗಿ ತೋರುತ್ತದೆ.

ಹೀಗಾಗಿ ನಕ್ಷೆಗೆ ಬೆಲೆ ಬಂತು. ಅದು ಕಣ್ಣಿಗೆ ಕಾಣದ್ದನ್ನು ಅಂಕಿಯಲ್ಲಿ ಹೇಳುತ್ತದೆ. ಗುಡ್ಡ ನೋಡಿ ಮೋಸ ಹೋಗುವುದಿಲ್ಲ.

ಆಕ್ಷೇಪ ಶುರುವಾಗುವುದೂ ಇಲ್ಲಿಂದಲೇ. ಗಾಲ್ಫ್ ನಿಯಮಗಳ 4.3ನೇ ನಿಯಮದ ತಿರುಳು ಸರಳ: ಆಟದ ಸವಾಲಿಗೆ ಬೇಕೇ ಬೇಕಾದ ಕೌಶಲ ಮತ್ತು ವಿವೇಚನೆಯ ಅಗತ್ಯವನ್ನು ಕೃತಕವಾಗಿ ಕಡಿಮೆ ಮಾಡುವ ಸಾಧನ ಬಳಸಬಾರದು. ಗ್ರೀನ್ ಓದುವುದು ಪಟ್ ಮಾಡುವ ಕೌಶಲದ ಭಾಗ ಎಂಬುದು ನಿಯಮ ರೂಪಿಸುವ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಸಂಸ್ಥೆಗಳ ನಿಲುವು. ಅದನ್ನು ಪುಸ್ತಕವೇ ಮಾಡಿಕೊಟ್ಟರೆ ಆಟಗಾರನಿಗೆ ಉಳಿದದ್ದು ಹೊಡೆತ ಮಾತ್ರ ಅಲ್ವಾ?

2018ರ ಜುಲೈನಲ್ಲಿ ಈ ಎರಡು ಸಂಸ್ಥೆಗಳು ಒಂದು ಕರಡು ಮುಂದಿಟ್ಟವು. ಅದರಲ್ಲಿ ಒಂದು ಕಠಿಣ ಅಂಶ ಇತ್ತು: 4 ಶೇಕಡಾಗಿಂತ ಕಡಿಮೆ ಇಳಿಜಾರನ್ನು ಪುಸ್ತಕದಲ್ಲಿ ತೋರಿಸುವಂತಿಲ್ಲ. ಇದು ಜಾರಿಯಾಗಿದ್ದರೆ ಪುಸ್ತಕದ ಜೀವವೇ ಹೋಗುತ್ತಿತ್ತು. ಯಾಕೆಂದರೆ ವೇಗದ ಗ್ರೀನ್‌ಗಳಲ್ಲಿ ಕುಳಿ ಇಡುವುದೇ ಹೆಚ್ಚಾಗಿ ಅದಕ್ಕಿಂತ ಸಮತಟ್ಟಾದ ಜಾಗದಲ್ಲಿ. ಕುಳಿಯ ಸುತ್ತ ಪುಟ ಖಾಲಿ ಕಾಣುತ್ತಿತ್ತು. ಅಕ್ಟೋಬರ್‌ನಲ್ಲಿ ಅಂತಿಮ ರೂಪ ಬಂದಾಗ ಆ ಅಂಶವನ್ನು ಕೈಬಿಟ್ಟರು. ಉಳಿದದ್ದು ಗಾತ್ರದ ಮಿತಿ. 2019ರ ಜನವರಿ 1ರಿಂದ ಜಾರಿಗೆ ಬಂದ ಆ ಮಿತಿ ಈಗಲೂ ಎಲ್ಲ ಗಾಲ್ಫ್ ಆಟಗಾರರಿಗೆ ಅನ್ವಯಿಸುತ್ತದೆ. ನೆಲದ 5 ಗಜ ಕಾಗದದ ಮೇಲೆ ಒಂದು ಇಂಚಿನ ಎಂಟನೇ ಮೂರು ಭಾಗಕ್ಕಿಂತ ದೊಡ್ಡದಾಗಿ ಕಾಣಬಾರದು. ಪುಸ್ತಕ 4.25 ಇಂಚು ಅಗಲ, 7 ಇಂಚು ಉದ್ದ ಮೀರಬಾರದು. ಮಾಮೂಲಿ ಕನ್ನಡಕ ಬಿಟ್ಟು ಬೇರೆ ಭೂತಗನ್ನಡಿ ಹಿಡಿದು ನೋಡುವಂತಿಲ್ಲ. ಫೋನಿನ ಪರದೆಯಲ್ಲಿ ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿ ಈ ಅಳತೆ ಮೀರಿಸುವಂತೆಯೂ ಇಲ್ಲ.

ಈ ಅಳತೆಯನ್ನು ಸುಮ್ನೆ ಓದಿದರೆ ಕಚೇರಿ ಕಾಗದದ ಮಾತಿನಂತಿದೆ. ಲೆಕ್ಕ ಹಾಕಿ ನೋಡಿದಾಗ ಅದರ ಜಾಣತನ ಗೊತ್ತಾಗುತ್ತದೆ. 5 ಗಜ ಎಂದರೆ 180 ಇಂಚು. ಅದು ಇಂಚಿನ ಎಂಟನೇ ಮೂರು ಭಾಗಕ್ಕೆ ಇಳಿದರೆ ನಕ್ಷೆ ನಿಜದ 480ನೇ ಒಂದು ಭಾಗ. 30 ಗಜ ಉದ್ದದ ಗ್ರೀನ್ ಕಾಗದದ ಮೇಲೆ ಆರು ಸೆಂಟಿಮೀಟರ್ ಕೂಡ ಇರುವುದಿಲ್ಲ. ಮೂರು ಮೀಟರ್ ಪಟ್ ಆರು ಮಿಲಿಮೀಟರಿನ ಗೆರೆ. 4.25 ಇಂಚು ಅಗಲದ ಕುಳಿ, ಅಂದರೆ 108 ಮಿಲಿಮೀಟರ್, ಆ ನಕ್ಷೆಯಲ್ಲಿ ಕಾಲು ಮಿಲಿಮೀಟರಿಗಿಂತ ಚಿಕ್ಕದು. ಚೂಪಾದ ಪೆನ್ಸಿಲಿನಿಂದ ಇಟ್ಟ ಚುಕ್ಕಿ ಕೂಡ ಅದಕ್ಕಿಂತ ದಪ್ಪ.

ಈಗ ನಿಮ್ಮ ಚೆಂಡು ನಕ್ಷೆಯಲ್ಲಿ ಎಲ್ಲಿದೆ ಎಂದು ಗುರುತು ಮಾಡಿ. ಕಾಗದದಲ್ಲಿ ಒಂದು ಮಿಲಿಮೀಟರ್ ಆಚೀಚೆ ಆದರೆ ನೆಲದ ಮೇಲೆ 48 ಸೆಂಟಿಮೀಟರ್ ತಪ್ಪಿದಂತೆ. ಅರ್ಧ ಮೀಟರ್ ಆಚೆ ನಿಂತರೆ ಬಾಣದ ದಿಕ್ಕೇ ಬೇರೆ ಇರಬಹುದು. ಹಾಗಾಗಿ ಲೇಸರ್ ಎಷ್ಟೇ ನಿಖರವಾಗಿ ಅಳೆದಿರಲಿ, ಆ ನಿಖರತೆ ನಮ್ಮ ಕೈಗೆ ಬರುವಾಗ ಅರ್ಧ ಸೋರಿಹೋಗಿರುತ್ತದೆ. ಪುಸ್ತಕದ ನಿಜವಾದ ಕಷ್ಟ ಇದು ಎಂದು ನನಗೆ ಅನಿಸುತ್ತದೆ. ಇದರ ಬಗ್ಗೆ ಮಾತಾಡುವವರು ಕಡಿಮೆ.

ಅಮೆರಿಕದ ವೃತ್ತಿಪರ ಆಟಗಾರ ಬ್ರೈಸನ್ ಡಿಶಾಂಬೋ ಅವರ ಕೈವಾರದ ಪ್ರಸಂಗ ಇಲ್ಲಿ ನೆನಪಾಗುತ್ತದೆ. 2018ರಲ್ಲಿ ಅವರು ಟೂರ್ನಿಯ ನಡುವೆ ಶಾಲಾ ಮಕ್ಕಳು ಬಳಸುವಂಥ ಕೈವಾರ ಹಿಡಿದು ಪುಸ್ತಕದ ಮೇಲೆ ಅಳೆಯುವುದು ಟಿವಿಯಲ್ಲಿ ಕಂಡಿತು. ಕುಳಿ ನಿಜಕ್ಕೂ ಎಲ್ಲಿದೆ ಎಂದು ನಕ್ಷೆಯಲ್ಲಿ ನಿಖರವಾಗಿ ಗುರುತಿಸುವುದು ಅವರ ಉದ್ದೇಶ. ಅದು ನಿಯಮಕ್ಕೆ ವಿರುದ್ಧ ಎಂದು ಯುಎಸ್‌ಜಿಎ ತೀರ್ಮಾನಿಸಿತು. ಆಗ ಇದನ್ನು ವಿಚಿತ್ರ ಹಟ ಎಂದು ನೋಡಿದವರೇ ಹೆಚ್ಚು. ಮೇಲಿನ ಲೆಕ್ಕ ನೋಡಿದರೆ ಅವರು ಸರಿಯಾದ ಗಂಟಿಗೇ ಕೈ ಹಾಕಿದ್ದರು. ಜಾಗವೇ ತಪ್ಪಿದರೆ ಬಾಣ ಓದಿ ಏನು ಪ್ರಯೋಜನ?

ಗಾತ್ರದ ಮಿತಿಯಿಂದ ಟೂರ್ ಆಟಗಾರರ ಅಭ್ಯಾಸ ಬದಲಾಗಲಿಲ್ಲ. ಅಕ್ಷರ ಸಣ್ಣದಾಯಿತು, ಪುಸ್ತಕ ಉಳಿಯಿತು. ಇಷ್ಟೆಲ್ಲ ನಡೆಯುವಾಗ ಅಮೆರಿಕದ ಅಗಸ್ಟಾ ನ್ಯಾಷನಲ್ ಕ್ಲಬ್‌ನ ಮಾಸ್ಟರ್ಸ್ ಟೂರ್ನಿಯಲ್ಲಿ ಮಾತ್ರ ಗ್ರೀನ್ ಪುಸ್ತಕಗಳಿಗೆ ಅವಕಾಶ ಇರಲೇ ಇಲ್ಲ. ಅತಿ ಕಷ್ಟದ ಗ್ರೀನ್‌ಗಳೆಂದು ಹೆಸರಾದ ಜಾಗದಲ್ಲಿ ಎಲ್ಲರೂ ಕಣ್ಣು, ಕಾಲು, ನೆನಪು ಇವನ್ನೇ ನಂಬಿ ಆಡುತ್ತಿದ್ದರು. ಅಲ್ಲಿ ಹಲವು ವರ್ಷ ಆಡಿದವರ ಅನುಭವಕ್ಕೆ ಅಷ್ಟು ಬೆಲೆ ಇರುವುದು ಇದಕ್ಕೇ.

ಆಟಗಾರರ ಒಳಗಿನಿಂದಲೂ ದನಿ ಎದ್ದಿತು. ಹೆಸರಾಂತ ಆಟಗಾರ ರೋರಿ ಮೆಕಿಲ್‌ರಾಯ್ 2021ರಲ್ಲಿ ಪುಸ್ತಕ ಬೇಡ ಎಂದರು. ತಾವೂ ಅದನ್ನು ಬಳಸುತ್ತೇವೆ, ಆದರೆ ಆಟದ ಒಳಿತಿಗಾಗಿ ಅದು ಹೋಗಲಿ ಎಂಬುದು ಅವರ ಮಾತಿನ ಸಾರ. ಡಿಶಾಂಬೋ ಇದನ್ನು ಒಪ್ಪಲಿಲ್ಲ. ಅದೇ ವರ್ಷ ಡಿಸೆಂಬರ್ 1ರಂದು ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಹೊಸ ಸ್ಥಳೀಯ ನಿಯಮದ ಮಾದರಿ ಪ್ರಕಟಿಸಿದವು. ಅದರ ಹೆಸರು ಜಿ-11. ಟೂರ್ನಿ ಸಮಿತಿ ಬಯಸಿದರೆ ತಾನು ಒಪ್ಪಿದ ಯಾರ್ಡೇಜ್ ಬುಕ್ (ಮೈದಾನದ ದೂರಗಳನ್ನು ತೋರಿಸುವ ಪುಸ್ತಕ) ಒಂದನ್ನೇ ಬಳಸಬೇಕು ಎನ್ನಬಹುದು. ಆ ಪುಸ್ತಕದಲ್ಲಿ ಗ್ರೀನ್‌ನ ವಿವರ ತೀರಾ ಕಡಿಮೆ. ದೊಡ್ಡ ಇಳಿಜಾರು, ಮೆಟ್ಟಿಲಿನಂಥ ಹಂತ, ಅಂಚಿನಲ್ಲಿ ಚೆಂಡು ಜಾರಿಹೋಗುವ ಜಾಗ, ಅಷ್ಟೇ. ದೊಡ್ಡ ವೃತ್ತಿಪರ ಟೂರ್‌ಗಳಾದ ಪಿಜಿಎ ಟೂರ್, ಡಿಪಿ ವರ್ಲ್ಡ್ ಟೂರ್, ಮಹಿಳೆಯರ ಎಲ್‌ಪಿಜಿಎ ಇದನ್ನು ಅಳವಡಿಸಿಕೊಂಡವು. ಇದು ಅತಿ ಮೇಲಿನ ಹಂತದ ಸ್ಪರ್ಧೆಗೆ ಮಾತ್ರ, ಮಾಮೂಲಿ ಕ್ಲಬ್ ಆಟಕ್ಕಲ್ಲ ಎಂದೂ ಸ್ಪಷ್ಟವಾಗಿ ಹೇಳಿದರು. ನಿಯಮ ಮೊದಲ ಸಲ ಮುರಿದರೆ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸುವ ಆಟದಲ್ಲಿ) ಎರಡು ಹೊಡೆತದ ದಂಡ, ಮತ್ತೆ ಮುರಿದರೆ ಅನರ್ಹತೆ.

ಈ ನಿಯಮದಲ್ಲಿ ನನಗೆ ತುಂಬ ಹಿಡಿಸಿದ್ದು ಕೈಬರಹದ ಟಿಪ್ಪಣಿಯ ಬಗ್ಗೆ ಇರುವ ಮಾತು. ಆಟಗಾರನೂ ಕ್ಯಾಡಿಯೂ ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಆದರೆ ಅದು ಅವರೇ ಕಂಡುಕೊಂಡದ್ದಾಗಿರಬೇಕು. ಅಭ್ಯಾಸದ ದಿನ ಚೆಂಡು ಹೇಗೆ ಉರುಳಿತು ಎಂದು ನೋಡಿ ಬರೆದದ್ದು, ಟಿವಿ ಪ್ರಸಾರದಲ್ಲಿ ಗಮನಿಸಿ ಬರೆದದ್ದು ಸರಿ. ಮಟ್ಟಗೋಲಿನಂಥ ಸಾಧನ ಇಟ್ಟು ಅಳೆದು ಬರೆಯುವಂತಿಲ್ಲ. ಅಂದರೆ ಮಾಹಿತಿ ಇರಬಾರದು ಎಂದು ನಿಯಮ ಹೇಳುತ್ತಿಲ್ಲ. ಆ ಮಾಹಿತಿ ಯಾರ ದುಡಿಮೆಯಿಂದ ಬಂತು ಎಂದು ಕೇಳುತ್ತಿದೆ. "ಈ ಮೂಲೆಯಿಂದ ಚೆಂಡು ನೋಡಿದ್ದಕ್ಕಿಂತ ಜಾಸ್ತಿ ಎಡಕ್ಕೆ ಹೋಗುತ್ತದೆ" ಎಂದು ಕ್ಯಾಡಿ ಮಂಗಳವಾರ ಬರೆದಿಟ್ಟರೆ ಅದು ಆತನ ಕಣ್ಣಳತೆಯ ಫಲ. ಅದೇ ಮಾತನ್ನು ಲೇಸರ್ ಹೇಳಿದರೆ ಅದು ಕೊಂಡು ತಂದದ್ದು. ಈ ವ್ಯತ್ಯಾಸ ನ್ಯಾಯವಾದದ್ದು ಎಂದು ನಾನು ನಂಬುತ್ತೇನೆ.

ಇದಕ್ಕೆ ಗಟ್ಟಿಯಾದ ಎದುರು ವಾದ ಇದೆ. ದೂರದ ವಿಷಯದಲ್ಲಿ ಗಾಲ್ಫ್ ಈ ಗಡಿಯನ್ನು ಎಂದೋ ದಾಟಿದೆ. 1961ರಲ್ಲಿ ಪೆಬಲ್ ಬೀಚ್‌ನಲ್ಲಿ ನಡೆದ ಯುಎಸ್ ಅಮೆಚೂರ್ ಟೂರ್ನಿಯಲ್ಲಿ ಇನ್ನೊಬ್ಬ ಆಟಗಾರ ಡೀನ್ ಬೀಮನ್ ಅವರ ಸಲಹೆಯಂತೆ ಜಾಕ್ ನಿಕ್ಲಾಸ್ ಹೆಜ್ಜೆ ಹಾಕಿ ದೂರ ಅಳೆದು ಬರೆದುಕೊಳ್ಳಲು ಶುರು ಮಾಡಿದರು. ಅದಕ್ಕೂ ಮೊದಲು ದೂರವನ್ನು ಕಣ್ಣಿನಿಂದಲೇ ಅಂದಾಜು ಮಾಡುವುದು ಆಟದ ದೊಡ್ಡ ಕೌಶಲವಾಗಿತ್ತು. ಇವತ್ತು ಅದನ್ನು ಯಾರೂ ಕೇಳುವುದಿಲ್ಲ. ಕ್ಲಬ್ ಆಟಗಾರರು ಲೇಸರ್ ಹಿಡಿದು ದೂರ ನೋಡುತ್ತಾರೆ, ಅದು ನಿಯಮಬದ್ಧ. ಹಾಗಿದ್ದರೆ ದೂರಕ್ಕೆ ಇರುವ ಸವಲತ್ತು ಇಳಿಜಾರಿಗೆ ಯಾಕಿಲ್ಲ?

ನನ್ನ ಉತ್ತರ ಇದು. 150 ಗಜ ಎಂದು ತಿಳಿದ ಮೇಲೂ ಆಟಗಾರನ ಕೆಲಸ ಬಹುಪಾಲು ಬಾಕಿ ಇರುತ್ತದೆ. ಗಾಳಿ ಹೇಗಿದೆ, ಚೆಂಡು ಹುಲ್ಲಿನಲ್ಲಿ ಹೇಗೆ ಕೂತಿದೆ, ಎತ್ತರ ಹೊಡೆಯಬೇಕೋ ತಗ್ಗಾಗಿಯೋ, ಯಾವ ಕ್ಲಬ್ಬು, ಹೀಗೆ ಹತ್ತು ತೀರ್ಮಾನ ಮಾಡಬೇಕು. ಅಂಕಿ ಆರಂಭ ಮಾತ್ರ. ಪಟ್‌ನಲ್ಲಿ ಹಾಗಲ್ಲ. ಅಲ್ಲಿ ಇರುವುದೇ ಎರಡು ತೀರ್ಮಾನ: ಯಾವ ಗೆರೆ, ಎಷ್ಟು ವೇಗ. ಗೆರೆಯ ಮುಖ್ಯ ಆಧಾರವೇ ಇಳಿಜಾರು. ಅದನ್ನು ಅಚ್ಚು ಹಾಕಿ ಕೈಗೆ ಕೊಟ್ಟರೆ ಎರಡರಲ್ಲಿ ಒಂದರ ಬಹುಭಾಗ ಮುಗಿದಂತೆ. ನಿಯಮಗಳು ಇನ್ನೊಂದು ಕಡೆಯೂ ಇದೇ ದಾರಿ ಹಿಡಿದಿವೆ. ದೂರ ಅಳೆಯುವ ಸಾಧನ ಬಳಸಬಹುದು, ಆದರೆ ಅದೇ ಸಾಧನದಿಂದ ಏರಿಳಿತ ಅಳೆಯುವಂತಿಲ್ಲ. ಗ್ರೀನ್ ಮೇಲೆ ಚೆಂಡು ಉರುಳಿಸಿ ಅಥವಾ ಹುಲ್ಲು ಉಜ್ಜಿ ಬೇಕೆಂದೇ ಪರೀಕ್ಷೆ ಮಾಡುವಂತಿಲ್ಲ. ಗ್ರೀನ್‌ಗೆ ಆಟ ಮೊದಲಿನಿಂದಲೂ ವಿಶೇಷ ಜಾಗ ಕೊಟ್ಟಿದೆ.

ಆದರೂ ಒಂದು ಬಿರುಕು ಉಳಿದಿದೆ. ಆಡುವಾಗ ಪುಸ್ತಕ ಕೈಯಲ್ಲಿರಬಾರದು, ಸರಿ. ಹಿಂದಿನ ರಾತ್ರಿ ಕೋಣೆಯಲ್ಲಿ ಕೂತು ವಿವರವಾದ ನಕ್ಷೆ ನೋಡಿ ತಲೆಯಲ್ಲಿಟ್ಟುಕೊಂಡು ಬಂದವನನ್ನು ಹೇಗೆ ತಡೆಯುವುದು? ತಡೆಯಲು ಆಗುವುದಿಲ್ಲ, ತಡೆಯಬೇಕಾಗಿಯೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಹದಿನೆಂಟು ಗ್ರೀನ್‌ಗಳ ಇಳಿಜಾರನ್ನು ನೆನಪಿಟ್ಟುಕೊಂಡು, ಚೆಂಡು ನಿಂತ ಜಾಗಕ್ಕೆ ಅದನ್ನು ಹೊಂದಿಸುವುದು ಕೂಡ ಆಟಗಾರನದೇ ಕೆಲಸ.

ಪುಸ್ತಕ ಹೇಳದೇ ಇರುವುದು ಕೂಡ ಬೇಕಾದಷ್ಟಿದೆ. ಅದರಲ್ಲಿ ದೊಡ್ಡದು ವೇಗ. ಗ್ರೀನ್‌ನ ವೇಗ ಅಳೆಯುವ ಸ್ಟಿಂಪ್‌ಮೀಟರಿನ ಮೂಲ ಕಲ್ಪನೆ ಎಡ್ವರ್ಡ್ ಸ್ಟಿಂಪ್ಸನ್ ಅವರದು, 1935ರ ಕಾಲದ್ದು. ಯುಎಸ್‌ಜಿಎ ಅದನ್ನು 1970ರ ದಶಕದಲ್ಲಿ ಸುಧಾರಿಸಿ ಬಳಕೆಗೆ ತಂದಿತು. 36 ಇಂಚಿನ ಒಂದು ದೋಣಿಯಂಥ ಪಟ್ಟಿಯ ಮೇಲೆ ಚೆಂಡಿಟ್ಟು ನಿಧಾನ ಎತ್ತುತ್ತಾರೆ. ಚೆಂಡು ತಾನಾಗಿ ಉರುಳಿ ಎಷ್ಟು ಅಡಿ ಹೋಯಿತೋ ಅದೇ ಆ ಗ್ರೀನ್‌ನ ವೇಗ. ಎರಡು ಶೇಕಡಾ ಇಳಿಜಾರು ನಿಧಾನದ ಗ್ರೀನ್‌ನಲ್ಲಿ ಸ್ವಲ್ಪ ಬಾಗಿಸುತ್ತದೆ, ವೇಗದ ಗ್ರೀನ್‌ನಲ್ಲಿ ತುಂಬ ಬಾಗಿಸುತ್ತದೆ. ಪುಟದ ಮೇಲಿನ ಅಂಕಿ ಎರಡೂ ದಿನ ಒಂದೇ. ಬೆಳಗ್ಗೆ ಇಬ್ಬನಿ ಇದ್ದ ಗ್ರೀನ್ ಮಧ್ಯಾಹ್ನ ಬೇರೆಯೇ ಆಗಿರುತ್ತದೆ.

ನೀವು ಎಷ್ಟು ಜೋರಾಗಿ ಹೊಡೆಯುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಜೋರು ಹೊಡೆದರೆ ಕಡಿಮೆ ಬಾಗುತ್ತದೆ, ಮೆಲ್ಲಗೆ ಬಿಟ್ಟರೆ ಜಾಸ್ತಿ. ಅಡ್ಡ ಇಳಿಜಾರಿನ ಜೊತೆ ಕೆಳಮುಖ ಪಟ್ ಇದ್ದರೆ ಅದೇ ಇಳಿಜಾರಿನ ಮೇಲ್ಮುಖ ಪಟ್‌ಗಿಂತ ಜಾಸ್ತಿ ಬಾಗುತ್ತದೆ, ಯಾಕೆಂದರೆ ಚೆಂಡನ್ನು ಮೆಲ್ಲಗೆ ಬಿಡಬೇಕಾಗುತ್ತದೆ. ಹುಲ್ಲು ಮಲಗಿರುವ ದಿಕ್ಕು ಬರ್ಮುಡಾ ಜಾತಿಯ ಗ್ರೀನ್‌ಗಳಲ್ಲಿ ಚೆಂಡನ್ನು ಎಳೆಯುತ್ತದೆ, ಕಾಂಟೂರ್ ನಕ್ಷೆಗೆ ಅದು ಗೊತ್ತಿಲ್ಲ. ನೆಲವೂ ನಿಂತ ನೀರಲ್ಲ. ಪಕ್ಕದ ಬಂಕರಿನಿಂದ, ಅಂದರೆ ಮರಳಿನ ಗುಂಡಿಯಿಂದ, ಹಾರಿದ ಮರಳು ವರ್ಷಗಟ್ಟಲೆ ಬಿದ್ದು ಗ್ರೀನ್‌ನ ಅಂಚು ಏರುತ್ತದೆ. ಮೇಲೆ ಹಾಕುವ ಮರಳಿನ ಪದರದಿಂದ ಸಣ್ಣ ತಗ್ಗುಗಳು ತುಂಬುತ್ತವೆ. ಗ್ರೀನನ್ನೇ ಕಿತ್ತು ಮತ್ತೆ ಕಟ್ಟಿದ್ದರೆ ಹಳೆಯ ನಕ್ಷೆ ಬೇರೆ ಯಾವುದೋ ಗ್ರೀನ್‌ನದು. ಪುಸ್ತಕ ಕೊಳ್ಳುವ ಮೊದಲು ಸ್ಕ್ಯಾನ್ ಮಾಡಿದ್ದು ಯಾವಾಗ ಎಂದು ಕೇಳಿ.

ಈಗಿನ ಜಗಳ ಪುಸ್ತಕದಿಂದ ಪಾದಕ್ಕೆ ಇಳಿದಿದೆ. ಮಾರ್ಕ್ ಸ್ವೀನಿ ರೂಪಿಸಿದ ಏಮ್‌ಪಾಯಿಂಟ್ ಪದ್ಧತಿಯಲ್ಲಿ ಆಟಗಾರ ಪಟ್‌ನ ದಾರಿಯಲ್ಲಿ ಎರಡೂ ಪಾದ ಊರಿ ನಿಲ್ಲುತ್ತಾನೆ. ಯಾವ ಕಾಲಿನ ಮೇಲೆ ಭಾರ ಎಷ್ಟು ಬಿತ್ತು ಎಂದು ಗಮನಿಸಿ ಇಳಿಜಾರಿಗೆ ಒಂದು, ಎರಡು, ಮೂರು ಎಂದು ಅಂಕಿ ಕೊಡುತ್ತಾನೆ. ಆಮೇಲೆ ಅಷ್ಟು ಬೆರಳನ್ನು ಕಣ್ಣ ಮುಂದೆ ಹಿಡಿದು ಕುಳಿಯಿಂದ ಎಷ್ಟು ಪಕ್ಕಕ್ಕೆ ಗುರಿ ಇಡಬೇಕು ಎಂದು ನಿರ್ಧರಿಸುತ್ತಾನೆ. ಆಡಮ್ ಸ್ಕಾಟ್, ಕಾಲಿನ್ ಮೊರಿಕಾವಾ ಅವರಂಥವರು ಇದನ್ನು ಬಳಸುತ್ತಾರೆ. 2025ರ ಆರಂಭದಲ್ಲಿ ಪಿಜಿಎ ಟೂರ್ ಆಟಗಾರ ಲೂಕಸ್ ಗ್ಲೋವರ್ ಇದನ್ನೂ ನಿಷೇಧಿಸಬೇಕು ಎಂದರು. ಆಟ ನಿಧಾನವಾಗುತ್ತದೆ, ಕುಳಿಯ ಹತ್ತಿರ ತುಳಿದಾಟ ಜಾಸ್ತಿ ಎಂಬುದು ವಿರೋಧಿಸುವವರ ದೂರು.

ನಿಧಾನದ ದೂರು ನ್ಯಾಯವಾದದ್ದು. ಅದಕ್ಕೆ ಮದ್ದು ಗಡಿಯಾರ. ಹೊಡೆತಕ್ಕೆ 40 ಸೆಕೆಂಡು ಸಾಕು ಎಂದು ನಿಯಮಗಳೇ ಸಲಹೆ ಮಾಡಿವೆ, ಅದನ್ನು ಎಲ್ಲರಿಗೂ ಕಟ್ಟುನಿಟ್ಟಾಗಿ ಅನ್ವಯಿಸಲಿ. ಆದರೆ ಏಮ್‌ಪಾಯಿಂಟನ್ನು ಪುಸ್ತಕದ ಜೊತೆ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪು. ಅಲ್ಲಿ ಅಳೆಯುವುದು ಆಟಗಾರನ ಸ್ವಂತ ಪಾದ. ಅದು ತಪ್ಪಬಹುದು, ಒತ್ತಡದಲ್ಲಿ ಮೋಸ ಮಾಡಬಹುದು, ಅಭ್ಯಾಸದಿಂದ ಚುರುಕಾಗಬಹುದು. ಕೌಶಲ ಎಂದರೆ ಇದೇ ತಾನೆ?

ಹಾಗಾದರೆ ವಾರಕ್ಕೊಮ್ಮೆ ಆಡುವವರಿಗೆ ಪುಸ್ತಕ ಬೇಡವೇ? ಬೇಕು ಎಂದೇ ನಾನು ಹೇಳುತ್ತೇನೆ, ಆದರೆ ಬಳಸುವ ಕ್ರಮ ತಿರುಗಿಸಬೇಕು. ಟೂರ್ ಆಟಗಾರರೇ ಎಂಟು ಅಡಿ ಪಟ್‌ಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಹಾಕುತ್ತಾರೆ. ಉಳಿದವರು ನಕ್ಷೆ ಹಿಡಿದ ಮಾತ್ರಕ್ಕೆ ಅದನ್ನು ಮೀರುವುದಿಲ್ಲ. ಮುಖ್ಯ ಕಾಯಿಲೆ ಬೇರೆ ಇದೆ: ಬಹುತೇಕ ಆಟಗಾರರು ಬಾಗುವಿಕೆಯನ್ನು ಕಡಿಮೆ ಅಂದಾಜು ಮಾಡುತ್ತಾರೆ. ಚೆಂಡು ಮತ್ತೆ ಮತ್ತೆ ಕುಳಿಯ ತಗ್ಗಿನ ಕಡೆಯಿಂದ ಜಾರಿಹೋಗುತ್ತದೆ. ನಕ್ಷೆ ಈ ಕಾಯಿಲೆಯನ್ನು ಕಣ್ಣಿಗೆ ತೋರಿಸುತ್ತದೆ.

ನಾನು ಮೊದಲ ಸಲ ಇಂಥ ಪುಸ್ತಕ ಹಿಡಿದಾಗ ಪ್ರತಿ ಪಟ್‌ಗೂ ಮೊದಲು ಪುಟ ತೆರೆಯುತ್ತಿದ್ದೆ. ಬಾಣ ನೋಡಿದ ಮೇಲೆ ಕಾಲಿಗೆ ಏನು ಅನಿಸಿತು ಎಂದು ಕೇಳಿಕೊಳ್ಳಲೇ ಇಲ್ಲ. ಪುಸ್ತಕವಿಲ್ಲದ ಗ್ರೀನ್‌ಗೆ ಹೋದಾಗ ಕೈ ಖಾಲಿ. ಆಮೇಲೆ ಕ್ರಮ ಬದಲಿಸಿದೆ. ಅಭ್ಯಾಸದ ದಿನ ಮೊದಲು ಗ್ರೀನ್ ಸುತ್ತ ನಡೆಯುವುದು. ಇಲ್ಲಿ ಒಂದು ಕೊಡ ನೀರು ಸುರಿದರೆ ಎತ್ತ ಹರಿಯುತ್ತದೆ ಎಂದು ನೋಡುವುದು. ಚೆಂಡು ಮತ್ತು ಕುಳಿಯ ನಡುವೆ ಒಂದು ಪಕ್ಕ ನಿಂತು ಪಾದದಿಂದ ಇಳಿಜಾರು ಎಷ್ಟು ಶೇಕಡಾ ಎಂದು ಊಹಿಸಿ ಬರೆಯುವುದು. ಪಟ್ ಹೊಡೆಯುವುದು. ಪುಟ ತೆರೆಯುವುದು ಅದಾದ ಮೇಲೆ.

ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿಕೊಂಡೆ. ಒಂದರಲ್ಲಿ ಪಾದ ಹೇಳಿದ್ದು, ಇನ್ನೊಂದರಲ್ಲಿ ನಕ್ಷೆ ಹೇಳಿದ್ದು. ಮೊದಲ ವಾರಗಳಲ್ಲಿ ಪಾದ ಒಂದು ಎಂದ ಕಡೆ ನಕ್ಷೆ ಎರಡು ಎನ್ನುತ್ತಿತ್ತು. ಮೂರು ಎಂದ ಕಡೆ ಮೂರೇ ಇತ್ತು. ಅಂದರೆ ನನ್ನ ಪಾದ ಕಡಿದಾದದ್ದನ್ನು ಸರಿಯಾಗಿ ಓದುತ್ತದೆ, ಮೆದುವಾದದ್ದನ್ನು ಕಡಿಮೆ ಹೇಳುತ್ತದೆ. ಈಗ ಆಡುವಾಗ ಪುಸ್ತಕ ತೆರೆಯುವುದಿಲ್ಲ. ಪಾದ ಒಂದು ಎಂದರೆ ಒಂದೂವರೆ ಎಂದು ಎಣಿಸಿ ಕುಳಿಯಿಂದ ಇನ್ನೊಂದಿಷ್ಟು ಮೇಲಕ್ಕೆ ಗುರಿ ಇಡುತ್ತೇನೆ.